ಮುಂದಿನ ಹಲ್ಲಿನ ಹಳೆಯ ಫಿಲ್ಲಿಂಗ್‌ಗೆ ಮರಳಿ ನುಣುಪು: ಒಂದು ಕೆಲಸದ ಟಿಪ್ಪಣಿ

ಮೇಲ್ದವಡೆಯ ಬಲಗಡೆಯ ನಡು ಬಾಚಿಹಲ್ಲು, ದಂತವೈದ್ಯರ ಲೆಕ್ಕದಲ್ಲಿ 11ನೆಯ ಹಲ್ಲು. ಪಕ್ಕದ ನಡು ಬಾಚಿಹಲ್ಲಿಗೆ ತಾಗುವ ಅದರ ಕೆಳಮೂಲೆ ಹಿಂದೆಂದೋ ಮುರಿದು, ಆ ಜಾಗದಲ್ಲಿ ಹಲ್ಲಿನ ಬಣ್ಣದ ಕಾಂಪೋಸಿಟ್‌ನಿಂದ ಕಟ್ಟಿದ ಫಿಲ್ಲಿಂಗ್ ಇದೆ. ರೋಗಿಯ ದೂರು ಎರಡೇ: ಫಿಲ್ಲಿಂಗ್ ಇರುವ ಕಡೆ ಹಲ್ಲು ಕಂದಿದೆ, ಮತ್ತು ನಾಲಿಗೆ ಸುಮ್ಮನಿರದೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ನೋವಿಲ್ಲ, ತಣ್ಣನೆಯ ನೀರಿಗೆ ಜುಮ್ಮೆನ್ನುವುದೂ ಇಲ್ಲ. ಹಳೆಯದನ್ನು ತೆಗೆದು ಹೊಸದು ಹಾಕಿಬಿಡಿ ಎಂಬುದು ಅವರ ಬೇಡಿಕೆಯಾಗಿತ್ತು. ಹಾಗೆ ಮಾಡದೆ, ಇರುವ ಫಿಲ್ಲಿಂಗನ್ನೇ ತಿದ್ದಿ ನುಣುಪು ಮಾಡಿದ ಕೆಲಸದ ವಿವರವನ್ನು ಹೊಸದಾಗಿ ವೃತ್ತಿಗೆ ಇಳಿದವರನ್ನೂ ದಂತವೈದ್ಯ ಕಾಲೇಜಿನಲ್ಲಿ ಓದುತ್ತಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ.

ಹೊಸದು ಹಾಕುವುದು ಕೇಳಲು ಸುಲಭ. ಆದರೆ ಚೆನ್ನಾಗಿ ಬಣ್ಣ ಹೊಂದಿಸಿದ ಕಾಂಪೋಸಿಟ್ ಎಲ್ಲಿ ಮುಗಿಯುತ್ತದೆ, ಹಲ್ಲು ಎಲ್ಲಿ ಶುರುವಾಗುತ್ತದೆ ಎಂಬುದು ಕೊರೆಯುವ ಯಂತ್ರದ ತಿರುಗುವ ಮೊನೆಯಾದ ಬರ್‌ಗೆ ತಿಳಿಯುವುದಿಲ್ಲ. ಪ್ರತಿ ಸಲ ಫಿಲ್ಲಿಂಗ್ ತೆಗೆಯುವಾಗಲೂ ಅದರ ಸುತ್ತಲಿನ ಒಳ್ಳೆಯ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಒಂದಿಷ್ಟು ಹೋಗಿಯೇ ಹೋಗುತ್ತದೆ. ಹಾಗಾಗಿ ಕೆಟ್ಟಿರುವುದು ಒಳಗೋ ಅಥವಾ ಮೇಲ್ಮೈಯಲ್ಲಿ ಮಾತ್ರವೋ ಎಂಬುದು ಮೊದಲು ಇತ್ಯರ್ಥವಾಗಬೇಕು. ಪ್ಯೂಮಿಸ್ ಪುಡಿಯನ್ನು ನೀರಿನಲ್ಲಿ ಕಲಸಿ, ಮೆತ್ತನೆಯ ರಬ್ಬರ್ ಕಪ್ಪಿನಿಂದ ಹಲ್ಲನ್ನು ಉಜ್ಜಿ ತೊಳೆದೆ. ಇದು ಹೊಳಪಿಗಾಗಿ ಮಾಡಿದ್ದಲ್ಲ, ಕಲೆ ಎಷ್ಟು ಆಳದ್ದು ಎಂದು ತಿಳಿಯುವುದಕ್ಕಾಗಿ. ಮೇಲೆ ಅಂಟಿದ್ದ ಕಾಫಿ ಬಣ್ಣದ ಪದರ ಬಹುಪಾಲು ಹೋಯಿತು. ಉಳಿದದ್ದು ಒಂದು ಮಂಕು ಬೂದು ಛಾಯೆ, ವಸಡಿನ ಕಡೆಯ ಅಂಚಿನಲ್ಲಿ ಕೂದಲೆಳೆಯಷ್ಟು ಕಂದು ಗೆರೆ ಮತ್ತು ನಡುವೆ ಒಂದು ಕಡೆ ಸೂಜಿಮೊನೆಯಷ್ಟು ಗುಂಡಿ. ಗಾಳಿ ಹಾಯಿಸಿ ಒಣಗಿಸಿದ ಕೂಡಲೇ ಪಕ್ಕದ ಹಲ್ಲು ಮಿರುಗುತ್ತಲೇ ಇತ್ತು, ಫಿಲ್ಲಿಂಗ್ ಮಾತ್ರ ಸೀಮೆಸುಣ್ಣದಂತೆ ಕಾಂತಿಗುಂದಿತು. ಎಕ್ಸ್‌ಪ್ಲೋರರ್ ಎಂಬ ಚೂಪು ಪರೀಕ್ಷಾ ಸಲಕರಣೆಯ ಮೊನೆಯನ್ನು ಫಿಲ್ಲಿಂಗ್‌ನಿಂದ ಹಲ್ಲಿನ ಕಡೆಗೆ ಎಳೆದಾಗ ಅದು ಕಂದು ಗೆರೆಯ ಬಳಿ ಸಣ್ಣ ಮೆಟ್ಟಿಲಿಳಿದಂತೆ ಜಾರಿತು. ಹಲ್ಲಿನಿಂದ ಫಿಲ್ಲಿಂಗ್‌ನ ಕಡೆಗೆ ಎಳೆದಾಗ ತಡೆದು ನಿಂತಿತು. ಅಂದರೆ ಅಲ್ಲಿರುವುದು ಬಿರುಕಲ್ಲ. ಎನಾಮೆಲ್‌ನ ಮೇಲೆ ತೆಳುವಾಗಿ ಹರಡಿಕೊಂಡು, ಕೆಳಗೆ ಗಟ್ಟಿಯಾಗಿ ಅಂಟದೆ, ಅಂಚು ಎದ್ದುಕೊಂಡಿರುವ ಹೆಚ್ಚುವರಿ ಕಾಂಪೋಸಿಟ್. ಎಕ್ಸ್‌ರೇಯಲ್ಲಿ ಹುಳುಕಿನ ಗುರುತಿರಲಿಲ್ಲ. ಕೆಟ್ಟಿದ್ದು ಮೇಲ್ಮೈ ಮಾತ್ರ ಎಂಬ ತೀರ್ಮಾನಕ್ಕೆ ಇಷ್ಟು ಸಾಕು.

ಮೇಲ್ಮೈ ಯಾಕೆ ಹೀಗಾಗುತ್ತದೆ ಎಂಬುದನ್ನು ತಿಳಿದರೆ ಪಾಲಿಶ್ ಮಾಡುವ ಕ್ರಮ ತಾನಾಗಿ ಅರ್ಥವಾಗುತ್ತದೆ. ಕಾಂಪೋಸಿಟ್ ಎನ್ನುವುದು ಒಂದೇ ವಸ್ತುವಲ್ಲ. ಅಮೆರಿಕದ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ಎಂಬ ರಾಳ ಮತ್ತು ಅದರ ಬಂಧುಗಳಾದ ಇತರ ರಾಳಗಳ ಒಳಗೆ ಗಾಜು, ಸಿಲಿಕಾ ಅಥವಾ ಜಿರ್ಕೋನಿಯಾದ ಗಟ್ಟಿ ಕಣಗಳನ್ನು ತುಂಬಿ ಅದನ್ನು ತಯಾರಿಸುತ್ತಾರೆ. ಹಳೆಯ ಮನೆಗಳ ಮೊಸಾಯಿಕ್ ನೆಲದಲ್ಲಿ ಸಿಮೆಂಟಿನ ನಡುವೆ ಕಲ್ಲಿನ ಚೂರುಗಳು ಕೂತಿರುವ ಹಾಗೆ ಇಲ್ಲಿ ಮೆತ್ತನೆಯ ರಾಳದ ನಡುವೆ ಗಟ್ಟಿ ಕಣಗಳು ಕೂತಿರುತ್ತವೆ. ಬ್ರಷ್ಷು, ಹಲ್ಲುಪುಡಿ, ಅಗಿಯುವ ಆಹಾರ ಇವೆಲ್ಲ ಮೊದಲು ಸವೆಸುವುದು ರಾಳವನ್ನು. ಸುತ್ತಲಿನ ರಾಳ ತಗ್ಗಿದಾಗ ಕಣ ಎದ್ದು ನಿಲ್ಲುತ್ತದೆ, ಹಿಡಿತ ಪೂರ್ತಿ ಸಡಿಲವಾದಾಗ ಉದುರಿ ಹೋಗುತ್ತದೆ, ಅದು ಬಿಟ್ಟುಹೋದ ಕುಳಿಯಲ್ಲಿ ಕಾಫಿ, ಅರಿಸಿನ, ಅಡಿಕೆಯ ಬಣ್ಣ ಸೇರಿಕೊಳ್ಳುತ್ತದೆ. ಮೊದಲ ತಲೆಮಾರಿನ ಕಾಂಪೋಸಿಟ್‌ಗಳಲ್ಲಿ ಕಣಗಳ ಗಾತ್ರ ಹತ್ತಾರು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇರುತ್ತಿದ್ದುದರಿಂದ ಯಾವ ಉಪಕರಣ ಬಳಸಿದರೂ ಅವು ಹೊಳಪು ಹಿಡಿಯುತ್ತಿರಲಿಲ್ಲ. ಆಮೇಲೆ ಬಂದ ಮೈಕ್ರೋಫಿಲ್‌ನಲ್ಲಿ ಕಣ ಸುಮಾರು 0.04 ಮೈಕ್ರಾನ್‌ಗೆ ಇಳಿಯಿತು; ಈಗ ಹೆಚ್ಚಾಗಿ ಬಳಕೆಯಲ್ಲಿರುವ ನ್ಯಾನೋ ಹೈಬ್ರಿಡ್‌ಗಳಲ್ಲಿ ಅತಿ ಸಣ್ಣ ಕಣಗಳ ಜೊತೆಗೆ ಒಂದು ಮೈಕ್ರಾನ್ ಆಸುಪಾಸಿನ ಗಾಜಿನ ಕಣಗಳೂ ಇರುತ್ತವೆ.

ಎಷ್ಟು ನುಣುಪಾದರೆ ಸಾಕು ಎಂಬುದಕ್ಕೂ ಒಂದು ಲೆಕ್ಕವಿದೆ. ಬೋಲೆನ್, ಲ್ಯಾಂಬ್ರೆಕ್ಟ್ಸ್ ಮತ್ತು ಕ್ವಿರಿನೆನ್ 1997ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಸರಾಸರಿ ಒರಟುತನ 0.2 ಮೈಕ್ರಾನ್‌ಗಿಂತ ಹೆಚ್ಚಾದಂತೆ ಮೇಲ್ಮೈಯಲ್ಲಿ ಪ್ಲೇಕ್ (ಬ್ಯಾಕ್ಟೀರಿಯಾಗಳ ಅಂಟು ಪದರ) ಕೂರುವುದೂ ಹೆಚ್ಚುತ್ತದೆ. ಅದಕ್ಕಿಂತ ಕೆಳಗೆ ಇಳಿಸಿದರೂ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಹೆಚ್ಚಿನ ಲಾಭವಿಲ್ಲ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 0.4ರಿಂದ 0.7 ಮೈಕ್ರಾನ್. ಗೀರುಗಳು ಅದಕ್ಕಿಂತ ಸಾಕಷ್ಟು ಸಣ್ಣದಾದಾಗ ಬೆಳಕು ಚದುರದೆ ಕನ್ನಡಿಯಲ್ಲಿ ಬಿದ್ದಂತೆ ಹಿಂತಿರುಗುತ್ತದೆ, ಅದನ್ನೇ ನಾವು ಹೊಳಪು ಎನ್ನುತ್ತೇವೆ. ಹೊಳಪೂ ಸ್ವಚ್ಛತೆಯೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಸಂಧಿಸುವುದು ನಮ್ಮ ಅದೃಷ್ಟ.

ಕೆಲಸವನ್ನು ಕಚ್ಚುವಿಕೆಯ ಪರೀಕ್ಷೆಯಿಂದ ಆರಂಭಿಸಿದೆ. 40 ಮೈಕ್ರಾನ್ ದಪ್ಪದ ಆರ್ಟಿಕ್ಯುಲೇಟಿಂಗ್ ಪೇಪರ್ (ಕಚ್ಚಿದ ಕಡೆ ಬಣ್ಣದ ಗುರುತು ಬಿಡುವ ಹಾಳೆ) ಇಟ್ಟು ಮೊದಲು ಸಹಜವಾಗಿ ಕಚ್ಚಿಸಿ, ಅನಂತರ ಕೆಳದವಡೆಯನ್ನು ಮುಂದಕ್ಕೆ ಸರಿಸಿಸಿ ಗುರುತುಗಳನ್ನು ನೋಡಿದೆ. ಮುಂದಕ್ಕೆ ಸರಿಸಿದಾಗ ಫಿಲ್ಲಿಂಗ್‌ನ ಕೆಳಮೂಲೆಯ ಮೇಲೆ ಪಕ್ಕದ ಹಲ್ಲಿಗಿಂತ ಗಾಢವಾದ ಗುರುತು ಬಿತ್ತು. ಈ ಭಾರ ಮೊದಲೇ ಇಳಿಯಬೇಕು. ಪಾಲಿಶ್ ಮುಗಿದ ಮೇಲೆ ಕಚ್ಚುವಿಕೆ ಸರಿಮಾಡಹೊರಟರೆ ಅಷ್ಟು ಜಾಗದಲ್ಲಿ ಎಲ್ಲ ಹಂತಗಳನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ, ಯಾರೂ ಮಾಡುವುದಿಲ್ಲ, ಒರಟು ಚುಕ್ಕೆ ಹಾಗೆಯೇ ಉಳಿದುಬಿಡುತ್ತದೆ.

ಗುಂಡಿಯನ್ನು ಮುಚ್ಚುವುದು ಚಿಕ್ಕ ಕೆಲಸ. ಹಲ್ಲಿಗೆ ಎಂಜಲು ತಾಗದಂತೆ ತಡೆಯುವ ರಬ್ಬರ್ ಹಾಳೆಯಾದ ರಬ್ಬರ್ ಡ್ಯಾಮ್ ಹಾಕಿ, ಸಣ್ಣ ಡೈಮಂಡ್ ಬರ್‌ನಿಂದ ಗುಂಡಿಯ ಬಾಯಿಯನ್ನು ಅಗಲಿಸಿ ಒರಟು ಮಾಡಿ, 37 ಶೇಕಡಾ ಫಾಸ್ಫಾರಿಕ್ ಆಮ್ಲದಿಂದ ಶುಚಿ ಮಾಡಿ ತೊಳೆದು, ಹಳೆಯದಕ್ಕೆ ಹೊಸದು ಅಂಟುವಂತೆ ಸಿಲೇನ್ ಮತ್ತು ಬಾಂಡಿಂಗ್ ದ್ರವ ಹಚ್ಚಿ, ಹೊಸ ಕಾಂಪೋಸಿಟನ್ನು ಒತ್ತಿ ತುಂಬಿ, ಅದನ್ನು ಗಟ್ಟಿಗೊಳಿಸುವ ಬೆಳಕು ಹಾಯಿಸಿದೆ. ಗಾಳಿಗೆ ತೆರೆದುಕೊಂಡ ರಾಳದ ಮೇಲ್ಪದರ ಆಮ್ಲಜನಕದ ದೆಸೆಯಿಂದ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಆದ್ದರಿಂದ ಕೊನೆಯ ಸಲ ಬೆಳಕು ಹಾಯಿಸುವ ಮುನ್ನ ಮೇಲೆ ಗ್ಲಿಸರಿನ್ ಜೆಲ್ ಸವರಿದೆ. ಪಾರದರ್ಶಕ ಮ್ಯಾಟ್ರಿಕ್ಸ್ ಸ್ಟ್ರಿಪ್ ಒತ್ತಿ ಗಟ್ಟಿಗೊಳಿಸಿದರೆ ಗಾಜಿನಂಥ ಮೇಲ್ಮೈ ಸಿಗುತ್ತದೆ, ಇನ್ನೇಕೆ ಪಾಲಿಶ್ ಎಂದು ಕೇಳುವವರಿದ್ದಾರೆ. ಅಳತೆಯ ಪ್ರಕಾರ ಅದಕ್ಕಿಂತ ನುಣುಪಾದ ಮೇಲ್ಮೈ ಇಲ್ಲವೆಂಬುದು ನಿಜ. ಆದರೆ ಆ ಪದರದಲ್ಲಿ ಕಣಕ್ಕಿಂತ ರಾಳವೇ ಹೆಚ್ಚಾಗಿರುವುದರಿಂದ ಅದು ಮೆದು, ಬೇಗ ಸವೆಯುತ್ತದೆ, ಬೇಗ ಬಣ್ಣ ಹೀರುತ್ತದೆ. ಸ್ಟ್ರಿಪ್ಪಿನಿಂದ ಹಲ್ಲಿನ ಉಬ್ಬುತಗ್ಗುಗಳ ಆಕಾರವೂ ಬರುವುದಿಲ್ಲ.

ಇನ್ನು ಆಕಾರ. ನನ್ನ ಅನುಭವದಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ ಹಿಡಿಯಬೇಕಾದುದೂ ಇದೇ. ನಡು ಬಾಚಿಹಲ್ಲಿನ ಮುಂಭಾಗ ಸಪಾಟಲ್ಲ: ಎರಡು ಪಕ್ಕಗಳಲ್ಲಿ, ಮುಂಭಾಗ ಪಕ್ಕಕ್ಕೆ ತಿರುಗುವ ಕಡೆ ಒಂದೊಂದು ಏಣು ಇರುತ್ತದೆ, ನಡುವೆ ಮೂರು ಮಂದವಾದ ಉಬ್ಬುಗಳನ್ನು ಬೇರ್ಪಡಿಸುವ ಎರಡು ಆಳವಿಲ್ಲದ ತಗ್ಗುಗಳು ಮೇಲಿನಿಂದ ಕೆಳಗೆ ಇಳಿಯುತ್ತವೆ. ನಮ್ಮ ಕಣ್ಣು ಹಲ್ಲಿನ ಅಗಲವನ್ನು ಅಳೆಯುವುದು ಹಲ್ಲಿನ ನಿಜವಾದ ಅಂಚಿನಿಂದಲ್ಲ, ಆ ಎರಡು ಏಣುಗಳ ನಡುವಿನ ಅಂತರದಿಂದ. ಒಣಗಿಸಿದ ಹಲ್ಲಿನ ಮೇಲೆ ಸಾಮಾನ್ಯ ಪೆನ್ಸಿಲ್ಲನ್ನು ಅಡ್ಡಲಾಗಿ ಮಲಗಿಸಿ ಸವರಿದರೆ ಏಣಿನ ಮೇಲೆ ಮಾತ್ರ ಗೆರೆ ಮೂಡುತ್ತದೆ. ಪಕ್ಕದ ನಡು ಬಾಚಿಹಲ್ಲಾದ 21ನೆಯದರ ಮೇಲೆ ಹಾಗೆ ಗೆರೆ ಮೂಡಿಸಿ, 11ರ ಮೇಲೆಯೂ ಮೂಡಿಸಿ ಎರಡನ್ನೂ ಎದುರುಬದುರಾಗಿ ನೋಡಿದೆ; ಫಿಲ್ಲಿಂಗ್‌ನ ಕಡೆಯ ಏಣು ಮಧ್ಯರೇಖೆಗೆ ತೀರಾ ಹತ್ತಿರ ಸರಿದು, ಹಲ್ಲು ಇರುವುದಕ್ಕಿಂತ ಅಗಲವಾಗಿ ಕಾಣುತ್ತಿತ್ತು. ಬಣ್ಣದಷ್ಟೇ ಈ ಅಗಲವೂ ಫಿಲ್ಲಿಂಗನ್ನು ಎತ್ತಿ ತೋರಿಸುತ್ತಿತ್ತು ಎಂಬುದು ರೋಗಿಗೆ ತಿಳಿದಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ.

ಕೆಂಪು ಪಟ್ಟಿಯ ಫೈನ್ ಡೈಮಂಡ್ ಬರ್‌ನಿಂದ, ನೀರು ಬಿಟ್ಟುಕೊಂಡು, ಗರಿ ಸವರಿದಷ್ಟೇ ಹಗುರವಾದ ಸ್ಪರ್ಶದಲ್ಲಿ ಏಣನ್ನು ಹಿಂದಕ್ಕೆ ತಂದು, ಕೆಳಮೂಲೆಯ ಭಾರ ಇಳಿಸಿ, ವಸಡಿನ ಕಡೆಯ ಹೆಚ್ಚುವರಿ ಕಾಂಪೋಸಿಟನ್ನು ಅಂಚಿನವರೆಗೂ ತೆಳುವಾಗಿಸಿದೆ. ಆಮೇಲೆ ಹಳದಿ ಪಟ್ಟಿಯ ಬರ್. ಬರ್‌ನ ಕುತ್ತಿಗೆಯಲ್ಲಿರುವ ಈ ಬಣ್ಣಗಳು ಅಲಂಕಾರಕ್ಕಲ್ಲ: ಕೆಂಪಿನಲ್ಲಿ ವಜ್ರದ ಕಣ ಸುಮಾರು 46 ಮೈಕ್ರಾನ್, ಹಳದಿಯಲ್ಲಿ ಸುಮಾರು 25, ಬಿಳಿಯಲ್ಲಿ ಸುಮಾರು 15. ಅಂಚಿನ ಬಳಿ ಬರ್ ಅಥವಾ ಡಿಸ್ಕ್ ಫಿಲ್ಲಿಂಗ್‌ನಿಂದ ಹಲ್ಲಿನ ಕಡೆಗೆ ಇಲ್ಲವೇ ಅಂಚಿನ ಗುಂಟ ಚಲಿಸಬೇಕು; ಹಲ್ಲಿನಿಂದ ಫಿಲ್ಲಿಂಗ್‌ನ ಕಡೆಗೆ ಉಜ್ಜಿದರೆ ಮೆತ್ತನೆಯ ಕಾಂಪೋಸಿಟ್ ಮಾತ್ರ ಸವೆದು ಅಂಚಿನಲ್ಲಿ ಹೊಸದೊಂದು ಹಳ್ಳ ಬೀಳುತ್ತದೆ. ಹೆಚ್ಚುವರಿ ಪದರ ಹೋದ ಕೂಡಲೇ ಅದರ ಜೊತೆಗೆ ಕಂದು ಗೆರೆಯೂ ಹೋಯಿತು. ಅಂಚಿನ ಕಲೆ ಕಂಡಾಗಲೆಲ್ಲ ಒಳಗೆ ಹುಳುಕಿದೆ ಎಂದು ಹಲ್ಲು ಕೊರೆಯುವ ಅಭ್ಯಾಸವನ್ನು ನಮ್ಮ ವೃತ್ತಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಬಿಡಬೇಕು.

ಮೂರು ಉಬ್ಬುಗಳ ನಡುವಿನ ತಗ್ಗನ್ನೂ, ಎನಾಮೆಲ್‌ನ ಮೇಲೆ ಅಡ್ಡಲಾಗಿ ಓಡುವ ಪೆರಿಕೈಮಾಟಾ ಎಂಬ ನವಿರು ಗೆರೆಗಳನ್ನೂ ಡಿಸ್ಕ್ ಹಿಡಿಯುವ ಮೊದಲೇ ಕೆತ್ತಿಕೊಳ್ಳಬೇಕು. ಈ ಗೆರೆಗಳು ಎಳೆಯ ವಯಸ್ಸಿನಲ್ಲಿ ಸ್ಪಷ್ಟವಾಗಿದ್ದು ವಯಸ್ಸಾದಂತೆ ಸವೆದು ಮಾಯವಾಗುತ್ತವೆ. ಈ ರೋಗಿಯದು ನಡುವಯಸ್ಸು. 21ನೆಯ ಹಲ್ಲನ್ನು ಲೂಪ್ (ಹಿಗ್ಗಿಸಿ ತೋರಿಸುವ ಕನ್ನಡಕ) ಹಾಕಿಕೊಂಡು ಓರೆ ಬೆಳಕಿನಲ್ಲಿ ನೋಡಿದಾಗ ವಸಡಿನ ಕಡೆಯ ಮೂರನೇ ಒಂದು ಭಾಗದಲ್ಲಿ ಮಾತ್ರ ಗೆರೆಗಳ ಸುಳಿವಿತ್ತು, ಕೆಳಗೆಲ್ಲ ನಯವಾಗಿತ್ತು. ಫಿಲ್ಲಿಂಗ್ ಇರುವುದು ಕೆಳಮೂಲೆಯಲ್ಲಾದ್ದರಿಂದ ಗೆರೆ ಕೆತ್ತುವ ಪ್ರಸಂಗವೇ ಬರಲಿಲ್ಲ; ಹಳದಿ ಬರ್ ಅನ್ನು ಹಲ್ಲಿನ ಉದ್ದಕ್ಕೆ ಮಲಗಿಸಿ, ಬಹಳ ನಿಧಾನ ವೇಗದಲ್ಲಿ ಒಂದು ತಗ್ಗನ್ನು ಮಾತ್ರ ಕೆಳ ಅಂಚಿನವರೆಗೆ ಮುಂದುವರಿಸಿದೆ. ನಲವತ್ತರ ಹಲ್ಲಿಗೆ ಹದಿನಾರರ ಗೆರೆಗಳನ್ನು ಕೆತ್ತಿ ಛಾಯಾಚಿತ್ರ ತೆಗೆದು ಹಂಚಿಕೊಳ್ಳುವುದು ಈಚೆಗೆ ಹೆಚ್ಚಾಗಿದೆ, ಬಾಯಲ್ಲಿ ಅದು ಒಪ್ಪುವುದಿಲ್ಲ.

ಇಲ್ಲಿಂದ ಡಿಸ್ಕ್‌ಗಳ ಸರದಿ. ಸಾಫ್‌ಲೆಕ್ಸ್, ಶೋಫು ಕಂಪನಿಯ ಸೂಪರ್‌ಸ್ನ್ಯಾಪ್ ಮುಂತಾದ ಹೆಸರಿನಲ್ಲಿ ಸಿಗುವ ಇವು ಬಾಗುವ ತೆಳು ಹಾಳೆಯ ಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಕಣ ಅಂಟಿಸಿದ ಚಕ್ರಗಳು. ಅಲ್ಯೂಮಿನಿಯಂ ಆಕ್ಸೈಡ್ ಯಾಕೆ ಎಂದರೆ ಮೋಸ್ ಅಳತೆಯಲ್ಲಿ ಅದರ ಗಡಸುತನ 9, ಕಾಂಪೋಸಿಟ್‌ನ ಒಳಗಿನ ಗಾಜು ಸಿಲಿಕಾಗಳದು 7 ಅಥವಾ ಅದಕ್ಕೂ ಕಡಿಮೆ. ಒಳಗಿನ ಕಣವನ್ನೂ ಕತ್ತರಿಸಬಲ್ಲಷ್ಟು ಗಡಸಾದ ವಸ್ತುವಿನಿಂದ ಉಜ್ಜಿದರೆ ಕಣವೂ ರಾಳವೂ ಒಂದೇ ಮಟ್ಟದಲ್ಲಿ ಸವೆಯುತ್ತವೆ. ಮೆತ್ತನೆಯ ವಸ್ತುವಿನಿಂದ ಉಜ್ಜಿದರೆ ರಾಳ ಮಾತ್ರ ಹೋಗಿ ಕಣಗಳು ಎದ್ದು ನಿಲ್ಲುತ್ತವೆ, ಅಂದರೆ ಹಲ್ಲುಪುಡಿ ವರ್ಷಗಟ್ಟಲೆ ಮಾಡುವ ಹಾನಿಯನ್ನು ನಾವೇ ನಿಮಿಷಗಳಲ್ಲಿ ಮಾಡಿದಂತಾಗುತ್ತದೆ. ಒರಟು ಡಿಸ್ಕ್ ಇಲ್ಲಿ ಬೇಕಿರಲಿಲ್ಲ, ಬರ್ ಆ ಕೆಲಸ ಮುಗಿಸಿತ್ತು. ಮಧ್ಯಮ, ಫೈನ್, ಸೂಪರ್‌ಫೈನ್ ಎಂಬ ಕ್ರಮದಲ್ಲಿ, ನಿಮಿಷಕ್ಕೆ ಸುಮಾರು 10,000 ಸುತ್ತಿನ ವೇಗದಲ್ಲಿ, ಒತ್ತದೆ, ತಾಗಿಸಿ ಬಿಡುತ್ತ ಸಾಗಿದೆ.

ಎರಡು ಹಂತಗಳ ನಡುವೆ ನೀರಿನಿಂದ ತೊಳೆದು ಒಣಗಿಸುವುದನ್ನು ಸಮಯ ಉಳಿಸುವ ನೆಪದಲ್ಲಿ ಬಿಡುವವರು ಬಹಳ. ಮಧ್ಯಮ ಡಿಸ್ಕ್‌ನಿಂದ ಉದುರಿದ ಒಂದು ದಪ್ಪ ಕಣ ಸೂಪರ್‌ಫೈನ್ ಡಿಸ್ಕ್‌ನ ಅಡಿಗೆ ಸಿಕ್ಕಿದರೆ ಅದು ಎಳೆಯುವ ಗೀರು ಮಧ್ಯಮ ಡಿಸ್ಕ್‌ನ ಗೀರೇ. ಇನ್ನೊಂದು ಸಂಗತಿ ದಿಕ್ಕಿನದು. ಮಧ್ಯಮ ಡಿಸ್ಕನ್ನು ಅಡ್ಡಲಾಗಿ ಓಡಿಸಿದ್ದರೆ ಫೈನ್ ಡಿಸ್ಕನ್ನು ಉದ್ದಕ್ಕೆ ಓಡಿಸುತ್ತೇನೆ. ಒಣಗಿಸಿ, ಓರೆ ಬೆಳಕು ಬಿಟ್ಟು, ಲೂಪ್‌ನಲ್ಲಿ ನೋಡಿದಾಗ ಉದ್ದ ಗೆರೆಗಳ ನಡುವೆ ಒಂದೆರಡು ಅಡ್ಡ ಗೆರೆ ಕಂಡರೆ ಅವು ಹಿಂದಿನ ಹಂತದ ಬಾಕಿ ಎಂದು ತಕ್ಷಣ ಗೊತ್ತಾಗುತ್ತದೆ. ಈ ಸಲ ಕೆಳ ಅಂಚಿನಿಂದ ಸ್ವಲ್ಪ ಮೇಲೆ, ತಗ್ಗಿನ ಇಳಿಜಾರಿನಲ್ಲಿ ಅಂಥ ಗೆರೆಗಳು ಉಳಿದಿದ್ದವು; ಡಿಸ್ಕ್ ಉಬ್ಬನ್ನು ಚೆನ್ನಾಗಿ ಮುಟ್ಟುತ್ತದೆ, ತಗ್ಗಿಗೆ ಇಳಿಯುವುದಿಲ್ಲ. ಅಲ್ಲಿಗೆ ಅಲ್ಯೂಮಿನಿಯಂ ಆಕ್ಸೈಡ್ ಬೆರೆತ ಮೊನಚು ರಬ್ಬರ್ ಪಾಯಿಂಟ್ ಬಳಸಿ ಗೆರೆ ತೆಗೆದು ಮುಂದಕ್ಕೆ ಹೋದೆ. ಕೆಲವು ಡಿಸ್ಕ್‌ಗಳ ನಡುವೆ ಲೋಹದ ಗುಬುಟು ಇರುತ್ತದೆ. ಡಿಸ್ಕ್ ಓರೆಯಾಗಿ ಅದು ಫಿಲ್ಲಿಂಗ್‌ಗೆ ತಗುಲಿದರೆ ಪೆನ್ಸಿಲ್ ಗೀಚಿದಂಥ ಬೂದು ಗುರುತು ಬೀಳುತ್ತದೆ, ಅದನ್ನು ತೆಗೆಯಲು ಒಂದು ಹಂತ ಹಿಂದೆ ಹೋಗಬೇಕು.

ಒಣ ಉಜ್ಜುವಿಕೆಯೋ ಒದ್ದೆ ಉಜ್ಜುವಿಕೆಯೋ ಎಂಬ ವಾದ ಮುಗಿಯುವಂಥದ್ದಲ್ಲ. ಒಣದರಲ್ಲಿ ಕೆಲಸ ಕಣ್ಣಿಗೆ ಕಾಣುತ್ತದೆ, ಆದರೆ ಶಾಖ ಏಳುತ್ತದೆ. ಜ್ಯಾಕ್ ಮತ್ತು ಕೋಹೆನ್ 1965ರಲ್ಲಿ ರೀಸಸ್ ಕೋತಿಗಳ ಹಲ್ಲಿನ ಮೇಲೆ ನಡೆಸಿದ ಅಧ್ಯಯನದಲ್ಲಿ ಹಲ್ಲಿನ ತಿರುಳಿನ ಉಷ್ಣತೆ 5.5 ಡಿಗ್ರಿ ಸೆಲ್ಸಿಯಸ್ ಏರಿದಾಗ ಸುಮಾರು 15 ಶೇಕಡಾ ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ಇಂದಿಗೂ ಎಲ್ಲರೂ ಉಲ್ಲೇಖಿಸುವ ಎಚ್ಚರಿಕೆಯ ಗೆರೆ ಅದೇ. ನಾನು ಡಿಸ್ಕ್‌ಗಳನ್ನು ಒಣಗಾಗಿಯೇ ಬಳಸುತ್ತೇನೆ, ಆದರೆ ಸಹಾಯಕರು ಗಾಳಿ ಬಿಡುತ್ತಿರಬೇಕು, ಸಕ್ಷನ್ ಪಕ್ಕದಲ್ಲೇ ಇರಬೇಕು. ಕಾಂಪೋಸಿಟ್‌ನ ಧೂಳು ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ನವಿರಾದ್ದರಿಂದ ಸಕ್ಷನ್ ರೋಗಿಗೆ ಮಾತ್ರವಲ್ಲ, ದಿನವಿಡೀ ಅದೇ ಕುರ್ಚಿಯ ಪಕ್ಕದಲ್ಲಿ ಕೂರುವ ನಮಗೂ ಬೇಕು.

ಹಲ್ಲುಗಳ ಸಂದಿನಲ್ಲಿ ಡಿಸ್ಕ್ ಹೋಗುವುದಿಲ್ಲ. ಅಲ್ಲಿಗೆ ಪಟ್ಟಿಯಂಥ ಫಿನಿಶಿಂಗ್ ಸ್ಟ್ರಿಪ್ ಬೇಕು. ಅದರ ನಡುವೆ ಕಣವಿಲ್ಲದ ಒಂದು ನಯವಾದ ಭಾಗವಿರುತ್ತದೆ, ಅದನ್ನೇ ಎರಡು ಹಲ್ಲು ತಾಗುವ ಜಾಗದ ಮೂಲಕ ದಾಟಿಸಿ, ವಸಡಿನ ಕಡೆಗೆ ಹೋದ ಮೇಲೆ ಮಾತ್ರ ಎಳೆದಾಡಬೇಕು. ತಾಗುವ ಜಾಗವನ್ನೇ ಉಜ್ಜಿದರೆ ಸಂದು ತೆರೆದುಕೊಂಡು ಊಟವಾದಾಗಲೆಲ್ಲ ಆಹಾರ ಸಿಕ್ಕಿಕೊಳ್ಳುತ್ತದೆ. ಫ್ಲಾಸ್ ದಾರ ಹಾಕಿ ನೋಡಿದೆ: ಇಳಿಯುವಾಗ ಟಕ್ಕೆಂದು ಬಿಗಿಯಾಗಿ ಇಳಿಯಿತು, ಎಳೆದಾಗ ಎಳೆ ಬಿಚ್ಚಲಿಲ್ಲ.

ಕೊನೆಯದು ಪೇಸ್ಟ್. ಮೆತ್ತನೆಯ ಫೆಲ್ಟ್ ಚಕ್ರಕ್ಕೆ ಒಂದು ಮೈಕ್ರಾನ್‌ನ ಅಲ್ಯೂಮಿನಿಯಂ ಆಕ್ಸೈಡ್ ಪೇಸ್ಟ್ ಹಚ್ಚಿ, ಒಂದು ತೊಟ್ಟು ನೀರು ಸೇರಿಸಿ ನಿಧಾನವಾಗಿ ಉಜ್ಜಿ, ತೊಳೆದು, ಬೇರೆ ಚಕ್ರದಿಂದ 0.3 ಮೈಕ್ರಾನ್‌ನದನ್ನು ಉಜ್ಜಿದೆ. ಪೇಸ್ಟಿಗೆ ಜನ ಕೊಡುವ ಶ್ರೇಯಸ್ಸು ಅದಕ್ಕೆ ಸಲ್ಲುವುದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹತ್ತಾರು ಮೈಕ್ರಾನ್ ಕಣ ಬಿಟ್ಟುಹೋದ ಗೀರನ್ನು ಒಂದು ಮೈಕ್ರಾನ್ ಕಣ ಅಳಿಸಲಾರದು, ಅದರ ದಂಡೆಗಳನ್ನು ಮಾತ್ರ ಹೊಳೆಯಿಸುತ್ತದೆ. ಒದ್ದೆಯಾಗಿದ್ದಾಗ ಅಂಥ ಹಲ್ಲೂ ಹೊಳೆಯುತ್ತದೆ, ಏಕೆಂದರೆ ಲಾಲಾರಸ ಗೀರುಗಳನ್ನು ತುಂಬಿರುತ್ತದೆ. ರೋಗಿ ಕನ್ನಡಿ ನೋಡಿ ಸಂತೋಷದಿಂದ ಹೋಗುತ್ತಾರೆ. ಕೆಲವೇ ತಿಂಗಳಲ್ಲಿ ಕಾಫಿ ಆ ಗೀರುಗಳನ್ನು ಒಂದೊಂದಾಗಿ ಬಣ್ಣ ಬಳಿದು ತೋರಿಸುತ್ತದೆ. ಆದ್ದರಿಂದ ಹೊಳಪಿನ ಪರೀಕ್ಷೆ ಒಣಗಿದ ಹಲ್ಲಿನ ಮೇಲೆಯೇ ನಡೆಯಬೇಕು. ಇಲ್ಲಿ ಗಾಳಿ ಹಾಯಿಸಿದ ಮೇಲೆ ದೀಪದ ಪ್ರತಿಬಿಂಬ 21ರಿಂದ 11ಕ್ಕೆ ಸರಿಯುವಾಗ ಅಂಚಿನಲ್ಲಿ ಒಡೆಯಲಿಲ್ಲ. ಫಿಲ್ಲಿಂಗ್‌ನ ಮೇಲೆ ಅದರ ಗೆರೆ ಒಂದಿಷ್ಟು ಮೃದುವಾಗಿ ಕಂಡಿತು. ಅಷ್ಟು ವ್ಯತ್ಯಾಸ ಹಳೆಯ ಕಾಂಪೋಸಿಟ್‌ನ ದಪ್ಪ ಕಣಗಳದು, ಇನ್ನೂ ಉಜ್ಜಿದರೆ ಆಕಾರ ಕೆಡುವುದೇ ಹೊರತು ಹೊಳಪು ಹೆಚ್ಚುವುದಿಲ್ಲ.

ಮತ್ತೆ ಆರ್ಟಿಕ್ಯುಲೇಟಿಂಗ್ ಪೇಪರ್ ಇಟ್ಟು ಕಚ್ಚಿಸಿದೆ, ಎರಡು ಹಲ್ಲುಗಳ ಮೇಲೂ ಸಮನಾದ ಗುರುತು. ಅಂಚಿನ ಸುತ್ತ ಬಿಳಿ ಗೆರೆ ಎದ್ದಿರಲಿಲ್ಲ. ಭಾರವಾದ ಕೈಯಿಂದ ಒಣಗಾಗಿ ಉಜ್ಜಿದಾಗ ಅಂಚಿನ ಎನಾಮೆಲ್ ಪುಡಿಯಾಗಿ ಅದು ಕಾಣಿಸಿಕೊಳ್ಳುವುದುಂಟು. ರೋಗಿಗೆ ಕನ್ನಡಿ ಕೊಡುವ ಮೊದಲು ನಾಲಿಗೆ ಆಡಿಸಿ ನೋಡಲು ಹೇಳಿದೆ. ಅರ್ಧ ಮೈಕ್ರಾನ್ ಆಸುಪಾಸಿನ ಒರಟುತನವನ್ನೂ ನಾಲಿಗೆ ಗುರುತಿಸಬಲ್ಲದು, ನನ್ನ ಕಣ್ಣಿಗಿಂತ ಅದರ ತೀರ್ಪು ವಿಶ್ವಾಸಾರ್ಹ. ಫಿಲ್ಲಿಂಗ್ ಎಲ್ಲಿದೆ ಎಂದು ಅವರು ಹುಡುಕಬೇಕಾಯಿತು.

ಹೊಸದಾಗಿ ಹಾಕಿದ ಫಿಲ್ಲಿಂಗ್‌ನ ಪಾಲಿಶನ್ನು ಮರುದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದೆಂಬ ಮಾತಿದೆ, ಬೆಳಕು ಆರಿದ ಮೇಲೂ ಸುಮಾರು 24 ಗಂಟೆಗಳವರೆಗೆ ರಾಳ ಗಟ್ಟಿಯಾಗುತ್ತಲೇ ಇರುತ್ತದೆ ಎಂಬ ಕಾರಣಕ್ಕೆ. ಇಲ್ಲಿ ಹೊಸ ಭಾಗ ಸೂಜಿಮೊನೆಯಷ್ಟೇ ಆದ್ದರಿಂದ ಅದೇ ದಿನ ಮುಗಿಸಿದೆ. ಮನೆಯ ಆರೈಕೆಗೆ ಹೇಳಿದ್ದು ಇಷ್ಟು: ಮೆತ್ತನೆಯ ಬ್ರಷ್, ಇದ್ದಿಲು ಪುಡಿ, ಉಪ್ಪು, ಒರಟು ಹಲ್ಲುಪುಡಿ ಯಾವುದೂ ಬೇಡ, ಆಲ್ಕೋಹಾಲ್ ಇರುವ ಮೌತ್‌ವಾಶ್ ರಾಳವನ್ನು ಮೆತ್ತಗಾಗಿಸುವುದರಿಂದ ಅದೂ ಬೇಡ. ಕಾಫಿ ಬಿಡಿ ಎಂದು ಹೇಳಲಿಲ್ಲ, ಕುಡಿದ ಮೇಲೆ ಬಾಯಿ ಮುಕ್ಕಳಿಸಲು ಹೇಳಿದೆ.

ಕೇಸ್ ಶೀಟಿನಲ್ಲಿ ಮುಂದಿನ ವೈದ್ಯರಿಗಾಗಿ ಎರಡು ಸಾಲು ಸೇರಿಸಿದೆ: ಹಲ್ಲಿನ ಕಿಟ್ಟ ತೆಗೆಯುವ ಅಲ್ಟ್ರಾಸಾನಿಕ್ ಸ್ಕೇಲರ್‌ನ ಮೊನೆಯನ್ನು 11ರ ಕಾಂಪೋಸಿಟ್‌ಗೆ ತಾಗಿಸಬಾರದು, ಫ್ಲೋರೈಡ್ ಹಚ್ಚುವುದಾದರೆ ಆಮ್ಲೀಯವಾದ ಎಪಿಎಫ್ (ಆಸಿಡ್ಯುಲೇಟೆಡ್ ಫಾಸ್ಫೇಟ್ ಫ್ಲೋರೈಡ್) ಜೆಲ್ ಫಿಲ್ಲಿಂಗ್‌ನೊಳಗಿನ ಗಾಜಿನ ಕಣಗಳನ್ನು ಕೊರೆಯುವುದರಿಂದ ತಟಸ್ಥ ಸೋಡಿಯಂ ಫ್ಲೋರೈಡನ್ನೇ ಬಳಸಬೇಕು. ಮರುಪರೀಕ್ಷೆಗೆ ಬಂದಾಗ ಕಚ್ಚುವ ಅಂಚಿನಲ್ಲಿ ಸ್ವಲ್ಪ ಮಂಕು ಕಂಡಿತು, ಉಳಿದೆಡೆ ಹೊಳಪು ಹಾಗೆಯೇ ಇತ್ತು. ಬರ್ ಮುಟ್ಟದೆ, ಸೂಪರ್‌ಫೈನ್ ಡಿಸ್ಕ್ ಮತ್ತು 0.3 ಮೈಕ್ರಾನ್ ಪೇಸ್ಟ್ ಇವೆರಡರಿಂದಲೇ ಅದನ್ನು ಸರಿಪಡಿಸಿ ಕಳುಹಿಸಿದೆ.